ಆಟದ ಕಂಪನಿಗಳಿಗೆ ಒಬ್ಬ ಬಾಡಿಗೆದಾರನ ಬಿನ್ನಹ

ವೆಸ್ಟ್ ಮಾಂಬಲಂ, ಚೆನ್ನೈ

ಇವರಿಗೆ,
ಕಂಪ್ಯೂಟರ್ ಆಟಗಳನ್ನು ಮಾರುವ ಸಮಸ್ತ ಕಂಪನಿಗಳು ಹಾಗೂ ಆ ಆಟಗಳಿಗೆ ನಕಲು ತಡೆಯುವ ಬೀಗ ತಯಾರಿಸಿಕೊಡುವ ಮಹನೀಯರು.

ವಿಷಯ: ದುಡ್ಡು ಕೊಟ್ಟು ಕೊಂಡ ಆಟದಲ್ಲಿ ನಮಗೆ ಬಾಡಿಗೆದಾರರ ಹಕ್ಕನ್ನಾದರೂ ದಯಪಾಲಿಸುವ ಕುರಿತು.

ಮಾನ್ಯರೇ,

ಇತ್ತ ನಾವೆಲ್ಲ ಕ್ಷೇಮ. ತಮ್ಮ ಸರ್ವರ್‌ಗಳ ಕ್ಷೇಮಸಮಾಚಾರವನ್ನು ಆಗಾಗ ತಿಳಿಸುತ್ತಿರಬೇಕಾಗಿ ಕೋರಿಕೆ. ಅವು ಚೆನ್ನಾಗಿದ್ದರೆ ತಾನೆ ನಮಗೆ ಸಂಜೆ ಹೊತ್ತು ಒಂದಿಷ್ಟು ಆಟ!

ಮೊದಲು ನನ್ನ ಅರ್ಹತೆ ಹೇಳಿಕೊಳ್ಳುತ್ತೇನೆ. ನಾನು ಹುಟ್ಟಾ ಬಾಡಿಗೆದಾರ. ಅಪ್ಪ ಕೆಲಸದ ಮೇಲೆ ಮದರಾಸಿಗೆ ಬಂದು ಇಳಿದದ್ದು ಮಾಂಬಲಂ ಸ್ಟೇಷನ್ನಿನ ಪಶ್ಚಿಮದ ಕಡೆ. ಇಳಿದವರು ಅಲ್ಲೇ ಉಳಿದರು. ರೈಲು ಹಳಿಯ ಆಚೆ ಟಿ. ನಗರ, ಅಲ್ಲಿ ರೇಷ್ಮೆ, ಬಂಗಾರ, ರಂಗನಾಥನ್ ಬೀದಿಯ ನೂಕುನುಗ್ಗಲು. ಈಚೆ ನಾವು, ಅಯೋಧ್ಯಾ ಮಂಟಪ, ಆಗ ತಾನೇ ಪುಡಿ ಮಾಡಿದ ಕಾಫಿಬೀಜದ ಘಮ ಮತ್ತು ಮದರಾಸಿನಲ್ಲೆಲ್ಲ ಹೆಸರು ಮಾಡಿದ ಸೊಳ್ಳೆ. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ತಮಿಳು, ಬಾಡಿಗೆ ಕರಾರು ಮಾತ್ರ ಇಂಗ್ಲಿಷು.

ಹೌಸ್ ಓನರ್ ಮಾಮಿಯ ನಿಯಮಗಳು ನನಗೆ ಬಾಯಿಪಾಠ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೋಟರ್, ಅದೂ ಅವರ ಕೈಯಿಂದಲೇ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಊರಿಂದ ನೆಂಟರು ಬಂದು ನಾಲ್ಕು ದಿನ ನಿಂತರೆ ‘ತೊಟ್ಟಿ ಬೇಗ ಖಾಲಿಯಾಗ್ತಿದೆಯಲ್ಲ’ ಎಂದು ಆಕಾಶಕ್ಕೆ ಹೇಳುತ್ತಾರೆ. ಕರೆಂಟಿಗೆ ಸಬ್‌ಮೀಟರ್, ಯೂನಿಟ್ಟಿಗೆ ಅವರು ಹೇಳಿದ್ದೇ ದರ. ಇದನ್ನೆಲ್ಲ ಅರಗಿಸಿಕೊಂಡು ಬೆಳೆದ ನನಗೆ ತಮ್ಮ ಲೈಸೆನ್ಸ್ ಒಪ್ಪಂದ ಓದಿ ಗಾಬರಿಯೇನೂ ಆಗಲಿಲ್ಲ. ‘ಈ ಆಟವನ್ನು ನಿಮಗೆ ಮಾರಿಲ್ಲ, ಉಪಯೋಗಿಸಲು ಅನುಮತಿ ಕೊಟ್ಟಿದ್ದೇವೆ ಅಷ್ಟೆ’ ಎಂಬರ್ಥದ ಮಾತು ಮೊದಲ ಪುಟದಲ್ಲೇ ಇತ್ತು. ಸರಿ ಸ್ವಾಮಿ, ತಾವು ಮಾಲೀಕರು, ನಾನು ಬಾಡಿಗೆದಾರ. ಒಪ್ಪಿಕೊಂಡೆ, ‘ಐ ಅಗ್ರೀ’ ಒತ್ತಿದೆ. ನನ್ನ ಬಿನ್ನಹ ಏನಿದ್ದರೂ ಅದರ ನಂತರದ್ದು.

ಮಾಮಿಯ ವಿಚಾರದಲ್ಲಿ ಒಂದು ಮಾತು ಹೇಳಲೇಬೇಕು. ಮನೆ ಅವರದೇ ಆದರೂ ಹೊಸ್ತಿಲಾಚೆ ನಿಂತು ‘ಒಳಗೆ ಬರಬಹುದಾ?’ ಎಂದು ಕೂಗದೆ ಒಂದು ದಿನವೂ ಕಾಲಿಟ್ಟವರಲ್ಲ. ತಮ್ಮ ಬೀಗಗಳಿಗೆ ಆ ಅಭ್ಯಾಸವಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಸ್ಟಾರ್‌ಫೋರ್ಸ್ ಎಂಬ ರಷ್ಯಾದ ಬೀಗವೊಂದಿತ್ತು. ಆಟದ ಜೊತೆಗೆ ಬಂದು ಕಂಪ್ಯೂಟರಿನ ಗರ್ಭಗುಡಿಯಲ್ಲೇ ಡ್ರೈವರ್ ರೂಪದಲ್ಲಿ ಠಿಕಾಣಿ ಹೂಡುತ್ತಿತ್ತು. ಆಟವನ್ನು ತೆಗೆದುಹಾಕಿದರೂ ಅದು ಹೋಗದೆ ಕೂತಿರುತ್ತದೆಂದು ಜನ ಬೊಬ್ಬೆ ಹಾಕಿದರು. ಕೊನೆಗೆ 2006ರಲ್ಲಿ ಯೂಬಿಸಾಫ್ಟ್ ಎಂಬ ಆಟದ ಕಂಪನಿ ಅದನ್ನು ಕೈಬಿಟ್ಟಿತು. ಹಾಡಿನ ಸಿಡಿಗಳೂ ಇದರಲ್ಲಿ ಹಿಂದೆ ಬೀಳಲಿಲ್ಲ. ಸೋನಿ ಬಿಎಂಜಿ ಕಂಪನಿಯ ಸಿಡಿಗಳು ಕಂಪ್ಯೂಟರಿನಲ್ಲಿ ಕಣ್ಣಿಗೆ ಬೀಳದ ಹಾಗೆ ಒಂದು ರೂಟ್‌ಕಿಟ್ ಅಡಗಿಸಿಡುತ್ತಿದ್ದುದನ್ನು 2005ರ ಅಕ್ಟೋಬರ್ ಕೊನೆಯಲ್ಲಿ ಮಾರ್ಕ್ ರುಸಿನೊವಿಚ್ ಎಂಬ ತಂತ್ರಜ್ಞ ಬಯಲಿಗೆಳೆದರು. ಹಾಡು ಕೇಳಲು ಕೂತವನ ಮನೆಗೆ ಹಾಡಿನವರೇ ಕನ್ನ ಕೊರೆದಿದ್ದರು.

ಹಳೆಯ ಕಾಲದ ಬೀಗಗಳಲ್ಲಿ ಒಂದು ತಮಾಷೆಯಾದರೂ ಇತ್ತು. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ನೆನಪಿರಬೇಕು. ಡಾಸ್ ಕಾಲದ ಆ ಆಟದಲ್ಲಿ ಮೊದಲ ಹಂತ ದಾಟಿದೊಡನೆ ಒಂದು ಕೋಣೆ, ನೆಲದ ತುಂಬ ಔಷಧಿ ಸೀಸೆಗಳು, ಒಂದೊಂದರ ಮೇಲೂ ಒಂದೊಂದು ಅಕ್ಷರ. ಕೈಪಿಡಿಯ ಇಷ್ಟನೇ ಪುಟ, ಇಷ್ಟನೇ ಸಾಲು, ಇಷ್ಟನೇ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆ ಕುಡಿಯಬೇಕು. ತಪ್ಪಿದರೆ ರಾಜಕುಮಾರನ ಜೀವಕ್ಕೆ ಕುತ್ತು. ಕೈಪಿಡಿ ಇಲ್ಲದವನು ಆಡಬಾರದು ಎಂಬುದು ಲೆಕ್ಕಾಚಾರ. ಜೆರಾಕ್ಸ್ ಅಂಗಡಿ ಎಂಬುದೊಂದು ಇದೆ ಎನ್ನುವುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇರಲಿ, ಆ ಬೀಗ ಒಮ್ಮೆ ಕೇಳಿ ಸುಮ್ಮನಾಗುತ್ತಿತ್ತು. ನಾನು ಯಾರು, ನನ್ನ ಕಂಪ್ಯೂಟರಿಗೆ ಎಷ್ಟು ವಯಸ್ಸು ಎಂದೆಲ್ಲ ವಿಚಾರಿಸುತ್ತಿರಲಿಲ್ಲ.

ವಿಚಾರಣೆ ಶುರುವಾದದ್ದು ಇಂಟರ್ನೆಟ್ಟಿನಲ್ಲಿ ಕಂಪ್ಯೂಟರಿನ ಗುರುತು ಒಪ್ಪಿಸುವ ಆ್ಯಕ್ಟಿವೇಶನ್ ಬಂದ ಮೇಲೆ. 2008ರ ಸೆಪ್ಟೆಂಬರಿನಲ್ಲಿ ಇಎ ಕಂಪನಿ ‘ಸ್ಪೋರ್’ ಎಂಬ ಆಟ ಬಿಟ್ಟಿತು. ಒಂದು ಕಣದಿಂದ ಹಿಡಿದು ಬ್ರಹ್ಮಾಂಡದವರೆಗೆ ಜೀವವಿಕಾಸವನ್ನೇ ನಮ್ಮ ಕೈಗೆ ಕೊಡುವ ಆಟ. ಆದರೆ ಇನ್‌ಸ್ಟಾಲ್ ಮಾಡಲು ಅವಕಾಶ ಮೂರೇ ಕಂಪ್ಯೂಟರಿಗೆ. ಕೊಂಡವರು ಸಿಟ್ಟಿಗೆದ್ದು ಅಮೆಜಾನ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಒಂಟಿ ನಕ್ಷತ್ರ ಸುರಿದರು, ಅಮೆರಿಕದಲ್ಲಿ ಕೋರ್ಟಿಗೂ ಹೋದರು. ಮೂರು ಐದಾಯಿತು. ಇತ್ತ ಪೈರಸಿ ಸುದ್ದಿತಾಣ ಟೊರೆಂಟ್‌ಫ್ರೀಕ್‌ನವರ ಎಣಿಕೆಯಲ್ಲಿ ಆ ವರ್ಷ ಅತಿ ಹೆಚ್ಚು ಕದ್ದ ಆಟವೂ ಅದೇ ಆಯಿತು, ಸುಮಾರು 17 ಲಕ್ಷ ಡೌನ್‌ಲೋಡು. ಬೀಗ ಇಷ್ಟು ಗಟ್ಟಿಯಾಗಿದ್ದೂ ಕಳ್ಳರಿಗೆ ಬಾಗಿಲು ಸಿಕ್ಕಿದ್ದು ಹೇಗೆ ಎಂದು ತಾವು ತಲೆ ಕೆಡಿಸಿಕೊಂಡಿರಬಹುದು. ಅವರು ಬಾಗಿಲಿನ ಕಡೆಯಿಂದ ಬರುವುದಿಲ್ಲ ಸ್ವಾಮಿ.

ಆ ಕಾಲದ ಒಂದು ಆಟ ನನ್ನ ಬಳಿಯೂ ಇತ್ತು. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಆಗಿನ ನನ್ನ ಸಂಬಳಕ್ಕೆ ಅದು ದುಬಾರಿಯೇ. ಆದರೂ ಒರಿಜಿನಲ್ಲೇ ಕೊಂಡೆ. ಪ್ಯಾರೀಸ್ ಕಾರ್ನರಿನ ಬರ್ಮಾ ಬಜಾರಿನಲ್ಲಿ ಅದೇ ಆಟ ಪ್ಲಾಸ್ಟಿಕ್ ಕವರಿನಲ್ಲಿ ಪುಡಿಗಾಸಿಗೆ ಸಿಗುತ್ತಿತ್ತು, ಬೀಗ ಮುರಿಯುವ ಕ್ರ್ಯಾಕು ಸಮೇತ. ನಾನು ಒರಿಜಿನಲ್ ಕೊಂಡದ್ದಕ್ಕೆ ನೈತಿಕತೆ ಅರ್ಧ ಕಾರಣ, ವೈರಸ್ಸಿನ ಭಯ ಇನ್ನರ್ಧ.

ಆಮೇಲೆ 2015 ಬಂತು. ನಮ್ಮ ಕಡೆ ಲೇಕ್ ವ್ಯೂ ರೋಡ್ ಎಂದೊಂದು ರಸ್ತೆ ಇದೆ, ನೋಡಲು ಕೆರೆ ಇಲ್ಲ. ಮಾಂಬಲಂನ ದೊಡ್ಡ ಕೆರೆಯನ್ನು 1920ರ ದಶಕದಲ್ಲೇ ಮುಚ್ಚಿ ಟಿ. ನಗರ ಕಟ್ಟಿದರು. ಆ ಡಿಸೆಂಬರ್ ಮೊದಲ ವಾರ ಕೆರೆಯೇ ನಮ್ಮನ್ನು ನೋಡಲು ಬಂದಿತು ಎನ್ನಬೇಕು. ಅಡ್ಯಾರ್ ನದಿ ಉಕ್ಕಿ, ಮೋರಿಗಳೆಲ್ಲ ಹಿಮ್ಮುಖ ಹರಿದು, ನೆಲಮಹಡಿಯ ನಮ್ಮ ಮನೆಗೆ ಮೊಣಕಾಲುದ್ದ ನೀರು. ಮೋಟರ್ ಸ್ವಿಚ್ ಮುಟ್ಟಲು ಬಿಡದ ಮಾಮಿ ಅಮ್ಮನ ಕೈ ಹಿಡಿದು ಮೇಲಿನ ತಮ್ಮ ಮನೆಗೆ ಹತ್ತಿಸಿಕೊಂಡರು, ನೀರಿಳಿಯುವವರೆಗೆ ಊಟವೂ ಅಲ್ಲೇ. ಟೇಬಲ್ಲಿನ ಕೆಳಗೆ ನೆಲದ ಮೇಲಿದ್ದ ಸಿಪಿಯು ಮಾತ್ರ ಕೆಳಗೇ ಉಳಿಯಿತು. ಪವರ್ ಸಪ್ಲೈ, ಮದರ್‌ಬೋರ್ಡ್ ಎರಡೂ ಹೋದವು. ಹಾರ್ಡ್ ಡಿಸ್ಕ್ ಹೇಗೋ ಬದುಕಿತು. ರಿಚಿ ಸ್ಟ್ರೀಟಿಗೆ ಹೋಗಿ ಬೋರ್ಡ್ ಬದಲಿಸಿಕೊಂಡು ಬಂದೆ. ಆ ವಾರ ಅಲ್ಲಿದ್ದವರೆಲ್ಲ ಒದ್ದೆ ಸಿಪಿಯು ಕಂಕುಳಲ್ಲಿ ಇಟ್ಟುಕೊಂಡವರೇ.

ಆಟ ತೆರೆದೆ. ತಮ್ಮ ಬೀಗ ನನ್ನ ಗುರುತು ಹಿಡಿಯಲಿಲ್ಲ. ಮದರ್‌ಬೋರ್ಡಿನ ಗುರುತು ಬದಲಾಗಿದ್ದರಿಂದ ಇದು ಬೇರೆಯೇ ಕಂಪ್ಯೂಟರ್, ಆ್ಯಕ್ಟಿವೇಶನ್ ಸಂಖ್ಯೆ ಮುಗಿದಿದೆ, ಗ್ರಾಹಕ ಸೇವೆಯವರನ್ನು ಸಂಪರ್ಕಿಸಿ ಎಂದಿತು. ಸಂಪರ್ಕಿಸಿದೆ. ಬಹಳ ಸೌಜನ್ಯದ ಉತ್ತರ ಬಂತು: ಕೈಪಿಡಿಯ ಹಿಂಬದಿಯಲ್ಲಿ ಕೋಡ್ ಅಚ್ಚಾಗಿದೆಯಲ್ಲ, ಅದರ ಪಕ್ಕ ನಿಮ್ಮ ದೂರಿನ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆದು ಎರಡೂ ಕಾಣುವ ಹಾಗೆ ಫೋಟೊ ಕಳಿಸಿ.

ಕೈಪಿಡಿ ಆಗ ಮಹಡಿ ಮೇಲೆ ಬಟ್ಟೆ ಒಣಗಿಸುವ ತಂತಿಯಲ್ಲಿತ್ತು. ಎಡಕ್ಕೆ ಅಮ್ಮನ ಎಲ್‌ಐಸಿ ಪಾಲಿಸಿ, ಬಲಕ್ಕೆ ರೇಷನ್ ಕಾರ್ಡು, ನಡುವೆ ಎರಡು ಕ್ಲಿಪ್ಪಿನಲ್ಲಿ ನೇತಾಡುವ ತಮ್ಮ ಕೈಪಿಡಿ. ಪುಟಗಳು ಅಂಟಿಕೊಂಡು ಹಪ್ಪಳವಾಗಿದ್ದವು. ಕೋಡಿನ ಸಾಲಿನಲ್ಲಿ ಒಂದು ಕಡೆ ಇದ್ದದ್ದು 8 ಎಂಬ ಅಂಕಿಯೋ ಇಂಗ್ಲಿಷಿನ ಬಿ ಅಕ್ಷರವೋ ಬ್ರಹ್ಮನೂ ಹೇಳಲಾರ. ಅಮ್ಮ ಭೂತಗನ್ನಡಿ ಹಿಡಿದು ನೋಡಿ, ‘ಎಲ್‌ಐಸಿಯವರೇ ಇಷ್ಟು ಕೇಳಲಿಲ್ಲವಲ್ಲೋ, ಆಡೋದಕ್ಕೂ ಅಪ್ಪಣೆ ಬೇಕೇನೋ?’ ಎಂದರು. ಫೋಟೊ ಕಳಿಸಿದೆ. ಚಿತ್ರ ಸ್ಪಷ್ಟವಾಗಿಲ್ಲ, ದಯವಿಟ್ಟು ಇನ್ನೊಮ್ಮೆ ಎಂದು ಬರೆದರು. ಆಗಲೂ ಸೌಜನ್ಯಕ್ಕೆ ಕೊರತೆಯಿರಲಿಲ್ಲ.

ಇದನ್ನೆಲ್ಲ ನೋಡುತ್ತ ಮೋಟುಗೋಡೆಯ ಮೇಲೆ ಕೂತಿದ್ದ ಎದುರುಮನೆ ಹುಡುಗ, ‘ಮಾಮಾ, ನನ್ ಹತ್ರ ಅದರ ಕ್ರ್ಯಾಕ್ ಇದೆ, ಹಾಕಿಕೊಡ್ಲಾ?’ ಎಂದು ತಮಿಳಿನಲ್ಲಿ ಕೇಳಿದ. ಅವನ ಮನೆಗೂ ನೀರು ನುಗ್ಗಿತ್ತು, ಅವನದೂ ಬೋರ್ಡ್ ಹೋಗಿತ್ತು. ಅವನು ಮಾತ್ರ ಹೊಸ ಬೋರ್ಡ್ ಹಾಕಿಸಿದ ದಿನವೇ ಆಡುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ತಮ್ಮ ಕಚೇರಿಗಳಲ್ಲಿ ಚಾಲ್ತಿಯಲ್ಲಿದೆಯೋ ಇಲ್ಲವೋ ಕಾಣೆ. ತಂತಿಯ ಕೆಳಗೆ ನಿಂತಿದ್ದ ಎಮ್ಮೆಗೆ ಆಗ ಚೆನ್ನಾಗಿಯೇ ಅರ್ಥವಾಯಿತು.

ಹಾಕಿಸಿಕೊಂಡೆನೋ ಇಲ್ಲವೋ ಎಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯುವಷ್ಟು ದಡ್ಡ ನಾನಲ್ಲ. ನಮ್ಮ ತಮಿಳುನಾಡಿನಲ್ಲಿ ಕಳ್ಳಭಟ್ಟಿಯವರಿಗೂ ರೌಡಿಗಳಿಗೂ ಇರುವ ಗೂಂಡಾ ಕಾಯ್ದೆಗೆ 2004ರಲ್ಲಿ ವಿಡಿಯೊ ಪೈರಸಿಯವರನ್ನೂ ಸೇರಿಸಿದ್ದಾರೆ. ಆದರೆ ತಾವು ಒಂದು ವಿಷಯ ಮರೆತಿರಬಹುದು, ಜ್ಞಾಪಿಸುತ್ತೇನೆ. ನಮ್ಮ ದೇಶದ ಕಾಪಿರೈಟ್ ಕಾಯ್ದೆಯ 52ನೇ ಕಲಮು, ಸಕ್ರಮವಾಗಿ ಪಡೆದ ಪ್ರೋಗ್ರಾಮು ಹಾಳಾದೀತೆಂಬ ಮುಂಜಾಗ್ರತೆಗೆ ಒಂದು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಬಿಡುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸೆರೆವಾಸ ಎನ್ನುತ್ತದೆ, ನಿಜ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು ಎಂದೂ ಜೊತೆಗೇ ಹೇಳುತ್ತದೆ. ನನ್ನ ಉದ್ದೇಶವನ್ನು ವಿಚಾರಿಸುವಷ್ಟು ವ್ಯವಧಾನ ಕಾಯ್ದೆಗೆ ಇದೆ. ಬೀಗಕ್ಕಿಲ್ಲ.

ಕ್ರ್ಯಾಕಿನ ಬಗ್ಗೆ ತಮಗೂ ಅಂಥ ಮಡಿಯೇನಿಲ್ಲ ಬಿಡಿ. 2008ರಲ್ಲಿ ‘ರೇನ್‌ಬೋ ಸಿಕ್ಸ್ ವೇಗಸ್ 2’ ಆಟವನ್ನು ಡೌನ್‌ಲೋಡ್ ಮೂಲಕ ಕೊಂಡವರಿಗೆ ತೊಂದರೆಯಾಯಿತು. ಹೊಸ ಪ್ಯಾಚು ಹಾಕಿದ ಮೇಲೆ ಆಟ ಅವರ ಬಳಿ ಇಲ್ಲದ ಡಿಸ್ಕನ್ನು ಕೇಳುತ್ತಿತ್ತು. ಯೂಬಿಸಾಫ್ಟ್ ಅದಕ್ಕೊಂದು ಪರಿಹಾರದ ಫೈಲು ಕೊಟ್ಟಿತು. ಯಾರೋ ಅದನ್ನು ಬಿಚ್ಚಿ ನೋಡಿದರೆ ಒಳಗೆ ‘ರೀಲೋಡೆಡ್’ ಎಂಬ ಕಳ್ಳಕೂಟದ ಸಹಿ! ಕಳ್ಳರು ಮಾಡಿದ ಕೀಲಿಕೈಯನ್ನೇ ಮಾಲೀಕರು ತಮ್ಮ ಗಿರಾಕಿಗಳಿಗೆ ಹಂಚಿದ್ದರು. ಎದುರುಮನೆ ಹುಡುಗ ಕೇಳಿದ್ದೂ ಅಷ್ಟನ್ನೇ ತಾನೆ, ‘ಹಾಕಿಕೊಡ್ಲಾ?’

ಇನ್ನು ಸದಾ ಇಂಟರ್ನೆಟ್ಟಿನಲ್ಲಿ ಇರಲೇಬೇಕೆಂಬ ನಿಯಮ. ಒಬ್ಬನೇ ಕೂತು ಆಡುವ ಆಟಕ್ಕೆ ಇದನ್ನು ಹಚ್ಚಿದವರು ಪ್ಯಾರಿಸ್ಸಿನಲ್ಲಿ ಇರುತ್ತಾರೋ ಕ್ಯಾಲಿಫೋರ್ನಿಯಾದಲ್ಲೋ, ಅಲ್ಲಿ ಕರೆಂಟು ಹೋಗುವುದಿಲ್ಲವೇನೋ. 2012ರಲ್ಲಿ ಚೆನ್ನೈಗೆ ದಿನಕ್ಕೆ ಎರಡು ಗಂಟೆ ಅಧಿಕೃತ ಕತ್ತಲೆ, ಜಿಲ್ಲೆಗಳಲ್ಲಿ ಅದರ ಎಷ್ಟೋ ಪಟ್ಟು. ಯುಪಿಎಸ್ ಕಿಂಯ್ ಎನ್ನುತ್ತ ಸಿಪಿಯುವನ್ನು ಹಿಡಿದುಕೊಂಡಿರುತ್ತಿತ್ತು, ಆದರೆ ಬೀದಿಯ ಕೊನೆಯ ಕೇಬಲ್ ಪೆಟ್ಟಿಗೆ ಸತ್ತಿರುತ್ತಿತ್ತು. ಬಿಲ್ಲಿಗೆ ಬಾಣ ಹೂಡಿ ನಿಂತ ವೀರ ಹಾಗೇ ಕಲ್ಲಾಗುತ್ತಿದ್ದ. ಪರದೆಯ ಮೇಲೆ ‘ಸಂಪರ್ಕ ಕಡಿದಿದೆ’. 2016ರ ಡಿಸೆಂಬರ್ 12ಕ್ಕೆ ವರ್ದಾ ಚಂಡಮಾರುತ ಬಂದು ನಗರದ ಮರಗಳನ್ನು ರಾಶಿ ಹಾಕಿತು. ನೋಟು ರದ್ದಾಗಿ ತಿಂಗಳು ದಾಟಿತ್ತಷ್ಟೆ. ಕೈಯಲ್ಲಿ ನೋಟಿಲ್ಲ, ಮನೆಯಲ್ಲಿ ನೆಟ್ಟಿಲ್ಲ. ಕರೆಂಟು ಮರಳಿದ ಮೇಲೂ ಬ್ರಾಡ್‌ಬ್ಯಾಂಡ್ ಬರಲಿಲ್ಲ. ಹೊರಗೆ ಕಾಲಿಡಲಾಗದ, ಆಫೀಸಿಗೆ ರಜೆ ಸಿಕ್ಕ, ಆಟಕ್ಕೆಂದೇ ದೇವರು ಮಾಡಿಕೊಟ್ಟ ದಿನಗಳು. ನಾವು ಪಗಡೆ ಆಡಿದೆವು. ಅದಕ್ಕೆ ಸರ್ವರ್ ಬೇಡ.

ಹಾಗೆಂದು ಯಾವಾಗಲೂ ತಪ್ಪು ನಮ್ಮ ತಂತಿಗಳದ್ದೇ ಎನ್ನುವಂತಿಲ್ಲ. 2010ರ ಮಾರ್ಚಿನಲ್ಲಿ ‘ಅಸ್ಯಾಸಿನ್ಸ್ ಕ್ರೀಡ್ 2’ ಪಿಸಿಗೆ ಬಂದ ಮೊದಲ ವಾರವೇ ಯೂಬಿಸಾಫ್ಟಿನ ಸರ್ವರ್‌ಗಳು ದಾಳಿಗೆ ಸಿಕ್ಕಿ ಮಲಗಿದವು. ಕೊಂಡವರು ಕೈಕಟ್ಟಿ ಕೂತರು. 2013ರ ಮಾರ್ಚಿನ ‘ಸಿಮ್‌ಸಿಟಿ’ಯದು ಇನ್ನೂ ಸೊಗಸು. ಅದು ನಗರ ಕಟ್ಟುವ ಆಟ, ಆಡುವವನೇ ಮೇಯರ್. ದುಡ್ಡು ಕೊಟ್ಟ ಮೇಯರುಗಳು ತಮ್ಮ ನಗರದ ಹೊರಗೆ ದಿನಗಟ್ಟಲೆ ಸಾಲುಗಟ್ಟಿ ನಿಂತರು. ಲೆಕ್ಕಾಚಾರದ ದೊಡ್ಡ ಪಾಲು ನಮ್ಮ ಸರ್ವರಿನಲ್ಲೇ ನಡೆಯುತ್ತದೆ, ಆಫ್‌ಲೈನ್ ಆಡಿಸುವುದು ಸುಲಭವಲ್ಲ ಎಂದರು ಇಎಯವರು. ಕೆಲವೇ ದಿನಗಳಲ್ಲಿ ಒಬ್ಬ ಹವ್ಯಾಸಿ ಒಂದಿಷ್ಟು ಕೋಡ್ ತಿದ್ದಿ, ಸಂಪರ್ಕವಿಲ್ಲದೆಯೂ ಆಟ ಓಡುವುದನ್ನು ತೋರಿಸಿದ. ವರ್ಷ ಕಳೆದ ಮೇಲೆ, 2014ರ ಮಾರ್ಚಿನಲ್ಲಿ, ಕಂಪನಿಯೇ ಆಫ್‌ಲೈನ್ ಸೌಲಭ್ಯ ಕೊಟ್ಟಿತು. ದುರೈಸಾಮಿ ಸಬ್‌ವೇಯಲ್ಲಿ ಮಳೆನೀರು ನಿಂತಾಗ ನಮ್ಮ ಕಾರ್ಪೊರೇಷನ್ನಿನವರು ಹೇಳುವ ಕಾರಣಗಳು ಎಷ್ಟೋ ವಾಸಿ.

ಈಚಿನ ಬೀಗ ಡೆನುವೊ. ಆಸ್ಟ್ರಿಯಾದ ಸಾಲ್ಜ್‌ಬರ್ಗಿನವರದು, 2014ರಲ್ಲಿ ಹುಟ್ಟಿದ್ದು, 2018ರಲ್ಲಿ ಇರ್ಡೆಟೊ ಕಂಪನಿ ಕೊಂಡಿತು. ಇದಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸುತ್ತೇನೆ: ಇದು ನಿಜಕ್ಕೂ ಕಳ್ಳರನ್ನು ಕಾಯಿಸಿದ ಬೀಗ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನರಿಗೂ ಇದನ್ನು ಬಿಚ್ಚಲು ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿದಿದೆ. ಆಟವೊಂದರ ಗಳಿಕೆಯ ದೊಡ್ಡ ಪಾಲು ಮೊದಲ ಕೆಲವು ವಾರಗಳಲ್ಲೇ ಬರುತ್ತದೆ; ನೂರಾರು ಜನ ವರ್ಷಗಟ್ಟಲೆ ದುಡಿದದ್ದನ್ನು ಆ ವಾರಗಳಲ್ಲಿ ಕಾಪಾಡಿಕೊಳ್ಳಬೇಕೆಂಬ ತಮ್ಮ ಆಸೆ ನ್ಯಾಯವಾದದ್ದೇ. ಬರ್ಮಾ ಬಜಾರನ್ನು ಕಣ್ಣಾರೆ ಕಂಡ ನಾನು ಇಲ್ಲವೆಂದು ವಾದಿಸಲಾರೆ.

ಆದರೆ ಖರ್ಚು ಯಾರ ತಲೆಯ ಮೇಲೆ? 2021ರಲ್ಲಿ ‘ರೆಸಿಡೆಂಟ್ ಈವಿಲ್ ವಿಲೇಜ್’ ಬಂದಾಗ, ಕಾಸು ಕೊಟ್ಟವರ ಪ್ರತಿ ಅಲ್ಲಲ್ಲಿ ಮುಗ್ಗರಿಸುತ್ತಿತ್ತು, ಕಳ್ಳಪ್ರತಿ ನುಣ್ಣಗೆ ಓಡುತ್ತಿತ್ತು. ಆಟಗಳನ್ನು ಪರೀಕ್ಷಿಸುವ ಡಿಜಿಟಲ್ ಫೌಂಡ್ರಿಯವರು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದು ತೋರಿಸಿದರು, ಆಮೇಲೆ ಆಟದ ಕಂಪನಿ ಕ್ಯಾಪ್ಕಾಂ ಪ್ಯಾಚು ಕೊಟ್ಟು ಸರಿಪಡಿಸಿತು. ಅದೇ ವರ್ಷ ಇಂಟೆಲ್ಲಿನ ಹೊಸ ಆಲ್ಡರ್ ಲೇಕ್ ಚಿಪ್ಪು ಬಂತು. ಒಂದೇ ಚಿಪ್ಪಿನೊಳಗೆ ಬಲದ ಕೋರ್ ಕೆಲವು, ಮಿತವ್ಯಯದ ಕೋರ್ ಕೆಲವು. ಬೀಗಕ್ಕೆ ತಲೆಕೆಟ್ಟಿತು, ಇವು ಎರಡು ಬೇರೆ ಬೇರೆ ಕಂಪ್ಯೂಟರ್ ಎಂದುಕೊಂಡಿತು. ಹಾಗೆ ಓಡದ ಆಟಗಳ ಪಟ್ಟಿಯನ್ನೇ ಇಂಟೆಲ್ ಪ್ರಕಟಿಸಬೇಕಾಯಿತು. ಪ್ರವಾಹದಲ್ಲಿ ಬೋರ್ಡ್ ಕಳೆದುಕೊಂಡವನನ್ನು ಅಪರಿಚಿತ ಎಂದದ್ದು ಬಿಡಿ, ಇಲ್ಲಿ ಒಬ್ಬನನ್ನೇ ನೋಡಿ ಇಬ್ಬರು ಎಂದಿತು.

ಬೀಗಕ್ಕೂ ಮುಪ್ಪು ಬರುತ್ತದೆ. 2015ರಲ್ಲಿ ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕ್, ಹಳೆಯ ಸೆಕ್ಯುರಾಮ್ ಬೀಗಗಳ ಡಿಸ್ಕುಗಳು ಓಡುವುದಿಲ್ಲ ಎಂದಿತು ಮೈಕ್ರೋಸಾಫ್ಟ್. ಅಷ್ಟು ಆಳಕ್ಕೆ ಇಳಿದು ಕೂರುವ ಬೀಗವೇ ಭದ್ರತೆಗೆ ಅಪಾಯ ಎಂಬುದು ಕಾರಣ. ಕಪಾಟಿನಲ್ಲಿ ಡಿಸ್ಕು ಹೊಳೆಯುತ್ತ ಕೂತಿದೆ, ಗೀರು ಕೂಡ ಬಿದ್ದಿಲ್ಲ. ಕಾವಲುಗಾರನನ್ನು ಮಾತ್ರ ಪೊಲೀಸರು ಎಳೆದೊಯ್ದಿದ್ದಾರೆ, ಕೀಲಿಕೈ ಅವನ ಜೇಬಿನಲ್ಲೇ ಇತ್ತು.

‘ದಿ ಕ್ರೂ’ ಕಥೆ ಇದಕ್ಕೂ ಮುಂದಿನದು. 2014ರಲ್ಲಿ ಬಂದ ಕಾರ್ ಓಡಿಸುವ ಆಟ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ಸರ್ವರ್ ಮುಚ್ಚಿತು, ಒಬ್ಬನೇ ಆಡುವ ಭಾಗವೂ ಅದರೊಂದಿಗೇ ಸತ್ತಿತು. ಆಮೇಲೆ ಕೊಂಡವರ ಖಾತೆಗಳಿಂದಲೇ ಆಟವನ್ನು ಹಿಂದಕ್ಕೆ ಪಡೆಯತೊಡಗಿತು. ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಒಬ್ಬರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಶುರು ಮಾಡಿದರು. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಬರೀ ಲೈಸೆನ್ಸ್ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಮಾಲಿಗೆ ‘ಕೊಳ್ಳಿ’ ಎಂದು ಬರೆದು ಮಾರುವಂತಿಲ್ಲ. ಅಂದರೆ ಗೇಟಿಗೆ ‘ಟು ಲೆಟ್’ ಬೋರ್ಡ್ ಬಿದ್ದಿದೆ. ವೆಸ್ಟ್ ಮಾಂಬಲಂನಲ್ಲಿ ಅದು ಅಪ್ಪನ ಕಾಲದಿಂದಲೂ ಇದೆ.

ಹಾಗಾದರೆ ಬಾಡಿಗೆದಾರನಿಗೆ ಸಲ್ಲುವುದನ್ನು ಕೊಡಿ, ಇಷ್ಟೇ ನನ್ನ ಬಿನ್ನಹ. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ರೂಪಿಸಿದೆ. ಅದರ ಪ್ರಕಾರ ಮಾಲೀಕ ಮನೆಯೊಳಗೆ ಬರಬೇಕಾದರೆ 24 ಗಂಟೆ ಮುಂಚೆ ತಿಳಿಸಬೇಕು, ಸೂರ್ಯೋದಯಕ್ಕೆ ಮುಂಚೆ ಅಥವಾ ಸೂರ್ಯಾಸ್ತದ ನಂತರ ಬರುವ ಹಾಗಿಲ್ಲ. ತಮ್ಮ ಬೀಗಕ್ಕೂ ಅಷ್ಟು ಕಲಿಸಿ: ಸಂಜೆ ಆರರ ಮೇಲೆ ಬಾಗಿಲು ಬಡಿಯದಿರಲಿ, ನಾನು ಆಡುವುದೇ ಆಗ. ಜಗಳ ಏನೇ ಇರಲಿ ಮಾಲೀಕ ನೀರು, ಕರೆಂಟು ಕಡಿಯಕೂಡದು ಎಂದೂ ಅದರಲ್ಲಿದೆ. ಸರ್ವರ್ ಮುಚ್ಚುವ ದಿನ ಬಂದರೆ ಆಫ್‌ಲೈನ್ ಆಡಿಸುವ ಒಂದು ಪ್ಯಾಚು ಬಿಟ್ಟು ಹೋಗಿ. ಮೊದಲ ವಾರಗಳ ಸಂಪಾದನೆ ಆದ ಮೇಲೆ ಡೆನುವೊ ಕಳಚುವ ಕಂಪನಿಗಳು ತಮ್ಮಲ್ಲೇ ಇವೆ, ಉಳಿದವರು ಅವರನ್ನು ಕೇಳಿ ಕಲಿಯಬಹುದು. ಪೋಲೆಂಡಿನ ಸಿಡಿ ಪ್ರಾಜೆಕ್ಟ್‌ನವರು 2011ರಲ್ಲಿ ‘ವಿಚರ್ 2’ರ ಬೀಗವನ್ನು ಪ್ಯಾಚು ಕೊಟ್ಟು ತಾವೇ ತೆಗೆದರು, ಮುಂದೆ ‘ವಿಚರ್ 3’ ಆಟವನ್ನು ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬೀಗವೇ ಇಲ್ಲದೆ ಮಾರಿದರು. ಅದು ಎಲ್ಲ ಕಡೆ ಸೇರಿ ಐದು ಕೋಟಿಗೂ ಹೆಚ್ಚು ಪ್ರತಿ ಹೋಗಿದೆ. ಅವರೇನೂ ಬೀದಿಗೆ ಬಿದ್ದಿಲ್ಲ.

ಉಳಿದದ್ದು ಅಡ್ವಾನ್ಸ್ ವಿಚಾರ. ಹತ್ತು ತಿಂಗಳ ಬಾಡಿಗೆ ಮುಂಗಡ ಇಸಿದುಕೊಳ್ಳುವುದು ಚೆನ್ನೈನ ಹಳೆಯ ರೂಢಿ. ತಾವು ಪೂರ್ತಿ ಬಾಡಿಗೆಯನ್ನೇ ಮುಂಗಡ ತೆಗೆದುಕೊಂಡಿದ್ದೀರಿ, ಅದಕ್ಕೂ ನನ್ನ ತಕರಾರಿಲ್ಲ. ಆದರೆ ಇಲ್ಲಿ ಮನೆ ಬಿಡಿಸುವಾಗ ಮಾಲೀಕರು ಪೇಂಟಿಂಗ್ ಖರ್ಚಿಗೆಂದು ಒಂದು ತಿಂಗಳದ್ದು ಹಿಡಿದುಕೊಂಡು ಮಿಕ್ಕಿದ್ದನ್ನು ಕೈಗೆ ಕೊಡುತ್ತಾರೆ. ತಾವು ಬೇಕಾದರೆ ಎರಡು ತಿಂಗಳದ್ದು ಹಿಡಿದುಕೊಳ್ಳಿ. ಮೊಳೆಯಂತೂ ನಾನು ಎಲ್ಲೂ ಹೊಡೆದಿಲ್ಲ.

ಇಂತಿ ತಮ್ಮ ವಿಧೇಯ,
ನೆಲಮಹಡಿಯ ಬಾಡಿಗೆದಾರ

ವಿ.ಸೂ.: 8 ಮತ್ತು ಬಿ ಎರಡನ್ನೂ ಹಾಕಿ ನೋಡಿದ್ದೇನೆ. ಎರಡೂ ಅಲ್ಲವಂತೆ.